ರೆಕಾರ್ಡ್ ಹಾಕಿಡು, ಆಮೇಲೆ ನೋಡೋಣ

ಸುದ್ದಗುಂಟೆಪಾಳ್ಯದಲ್ಲಿ ಈಗ ಯಾರ ಮನೆಗೆ ಹೋದರೂ ಮಾತು ಇಷ್ಟೇ: ಪೀಜಿ ಬಾಡಿಗೆ ಎಷ್ಟಾಯಿತು, ಮೆಟ್ರೊ ಯಾವಾಗ, ಗಾಡಿ ಎಲ್ಲಿ ನಿಲ್ಲಿಸೋದು. ನಮ್ಮ ಚಿಕ್ಕಪ್ಪನ ಮನೆ ಮಾತ್ರ ಇದಕ್ಕೆ ಹೊರತು. ಅಲ್ಲಿ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದಾಗಿನಿಂದ ಒಂದೇ ಚರ್ಚೆ. ಟೀವಿಯಲ್ಲಿ ಬಂದದ್ದನ್ನು ಹಿಡಿದಿಟ್ಟುಕೊಳ್ಳಲು ಯಾವ ಡಬ್ಬ ತಗೋಬೇಕು? ಪ್ರಧಾನಿಗಳು ಬಂದರು, ಹೋದರು. ಡಬ್ಬಗಳೂ ಬಂದವು, ಅಟ್ಟ ಸೇರಿದವು. ಚರ್ಚೆಗೆ ಮಾತ್ರ ಆಯಸ್ಸು ಗಟ್ಟಿ.

ಮೊನ್ನೆ ಅದಕ್ಕೆ ಹೊಸ ಜೀವ ಬಂತು. ಚಿಕ್ಕಪ್ಪನ ಮಗಳ ಮಗ ‘ಥಟ್ ಅಂತ ಹೇಳಿ’ಗೆ ಆಯ್ಕೆಯಾಗಿದ್ದಾನೆ. 2002ರ ಜನವರಿಯಿಂದ ಡಾ. ನಾ. ಸೋಮೇಶ್ವರ ಅವರು ಚಂದನದಲ್ಲಿ ನಡೆಸುತ್ತಿರುವ ಕ್ವಿಜ್. ಸರಿ ಉತ್ತರ ಹೇಳಿದರೆ ಪುಸ್ತಕ ಬಹುಮಾನ. ಹುಡುಗನಿಗೆ ಎಷ್ಟು ಪುಸ್ತಕ ಬಂದಾವು ಎಂಬ ಯೋಚನೆ ಅವನ ಅಮ್ಮನದು. ತಾತನ ಯೋಚನೆ ಬೇರೆ. ಫೋನ್ ಮಾಡಿ ನನ್ನನ್ನು ಕರೆಸಿಕೊಂಡು, ಕಾಫಿ ಬರುವ ಮುಂಚೆಯೇ ಕೇಳಿಬಿಟ್ಟರು: “ಲೋ, ನೀನು ಕಂಪ್ಯೂಟರ್ ಓದಿದವನು. ಈಗ ರೆಕಾರ್ಡ್ ಮಾಡೋಕೆ ಯಾವುದು ಒಳ್ಳೇದು ಹೇಳು. ದುಡ್ಡಿಗೆ ಹಿಂದೆಮುಂದೆ ನೋಡಬೇಡ.”

ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು: “ಮೊದಲು ಅಟ್ಟದ ಮೇಲಿರೋದನ್ನ ಇಳಿಸೋಕೆ ಹೇಳಪ್ಪ. ಆಮೇಲೆ ಹೊಸದು.”

ಆ ಅಟ್ಟದಲ್ಲಿ ಏನಿದೆ ಎಂದು ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ಮರುವರ್ಷ ಏಷ್ಯನ್ ಗೇಮ್ಸ್ ನೆಪದಲ್ಲಿ ದೇಶಕ್ಕೆ ಬಣ್ಣದ ಟೀವಿ ಬಂತು. ಅದರ ಹಿಂದೆಯೇ ಬಾಡಿಗೆ ವಿಸಿಪಿ. ಶನಿವಾರ ಸಂಜೆ ಆಟೋದಲ್ಲಿ ಡಬ್ಬ ತರುವುದು, ರಾತ್ರಿಯಿಡೀ ಮೂರು ಸಿನಿಮಾ, ನಿದ್ದೆಗಣ್ಣಲ್ಲಿ ಭಾನುವಾರ ಬೆಳಗ್ಗೆ ವಾಪಸ್. ಬೀದಿಯ ಜನಕ್ಕೆಲ್ಲ ಅಷ್ಟರಿಂದಲೇ ತೃಪ್ತಿಯಾಗಿತ್ತು. ಚಿಕ್ಕಪ್ಪನಿಗೆ ಆಗಲಿಲ್ಲ. “ವಿಸಿಪಿ ಬರೀ ತೋರಿಸತ್ತೆ. ವಿಸಿಆರ್ ಹಿಡಿದಿಟ್ಟುಕೊಳ್ಳತ್ತೆ. ತೋರಿಸೋದು ಯಾರು ಬೇಕಾದ್ರೂ ತೋರಿಸ್ತಾರೆ” ಎನ್ನುತ್ತಿದ್ದರು, ಒಂದು ಪಂಗಡದ ಗುರುಗಳ ಹಾಗೆ.

1987ರ ಜನವರಿ 25ಕ್ಕೆ ರಮಾನಂದ ಸಾಗರರ ‘ರಾಮಾಯಣ’ ಶುರುವಾಯಿತು. ಅದನ್ನು ಮೊದಲಿಂದ ಕೊನೆಯವರೆಗೆ ಹಿಡಿಯಲೇಬೇಕೆಂದು ಚಿಕ್ಕಪ್ಪ ಅಮೆರಿಕದಲ್ಲಿದ್ದ ಷಡ್ಡಕರಿಗೆ ಪತ್ರ ಬರೆದರು. ಪುಣ್ಯಾತ್ಮರು ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ಒಂದು ವಿಸಿಆರ್ ತಂದೇಬಿಟ್ಟರು. ಅದಕ್ಕೆ 110 ವೋಲ್ಟ್ ಬೇಕಿತ್ತು, ಎಸ್.ಪಿ. ರಸ್ತೆಯಿಂದ ಇಟ್ಟಿಗೆ ತೂಕದ ಟ್ರಾನ್ಸ್‌ಫಾರ್ಮರ್ ತಂದದ್ದಾಯಿತು. ಕುಂಕುಮವಿಟ್ಟು ಸ್ವಿಚ್ ಹಾಕಿದರೆ ರಾಮನೂ ಲಕ್ಷ್ಮಣನೂ ಪರದೆಯ ಕೆಳಗಿಂದ ಮೇಲಕ್ಕೆ ಉರುಳುತ್ತಲೇ ಇದ್ದರು. ಬಣ್ಣವಂತೂ ಬರಲೇ ಇಲ್ಲ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆಯ ಚಿತ್ರ. ನಮ್ಮದು ಪಾಲ್, 625 ಗೆರೆ. ಅಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ, ಇಲ್ಲಿ ಇಪ್ಪತ್ತೈದು. ಇದನ್ನು ಷಡ್ಡಕರಿಗೆ ಅಲ್ಲಿನ ಅಂಗಡಿಯವನು ಹೇಳಿರಲಿಲ್ಲ, ಚಿಕ್ಕಪ್ಪನಿಗೆ ಇಲ್ಲಿ ಯಾರೂ ಹೇಳಿರಲಿಲ್ಲ. ಆ ಡಬ್ಬ ಇವತ್ತಿಗೂ ಇದೆ. ನವರಾತ್ರಿಯಲ್ಲಿ ಬಿಳಿ ಪಂಚೆ ಹೊದ್ದು ಗೊಂಬೆಗಳಿಗೆ ಮೂರನೇ ಮೆಟ್ಟಿಲಾಗಿ ಕೂರುತ್ತದೆ. ರಾಮ, ಲಕ್ಷ್ಮಣ, ಸೀತೆಯರ ಸೆಟ್ಟನ್ನು ಚಿಕ್ಕಮ್ಮ ಬೇಕೆಂದೇ ಅದರ ಮೇಲಿಡುತ್ತಾರೆ.

ತೊಂಬತ್ತರ ದಶಕದಲ್ಲಿ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಿಂದ ಸರಿಯಾದ ಪಾಲ್ ವಿಸಿಆರ್ ಬಂತು. ಅಷ್ಟರಲ್ಲಿ ಚಿಕ್ಕಪ್ಪ ಈ ವಿಷಯದಲ್ಲಿ ಪಂಡಿತರಾಗಿದ್ದರು. ಎರಡು ಹೆಡ್ಡಿನದು ಸಾಕೋ ನಾಲ್ಕು ಹೆಡ್ಡಿನದು ಬೇಕೋ ಎಂದು ಅಂಗಡಿಯವನಿಗೇ ಪಾಠ ಮಾಡಿ ಬಂದರಂತೆ. ಸೋನಿಯವರು 1975ರಲ್ಲಿ ಬೀಟಾಮ್ಯಾಕ್ಸ್ ಮೊದಲು ತಂದರೂ ಮರುವರ್ಷ ಬಂದ ಜೆವಿಸಿಯ ವಿಎಚ್‌ಎಸ್ಸೇ ಗೆದ್ದದ್ದು ಯಾಕೆ ಎಂಬುದಕ್ಕೆ ಅವರದೇ ವಿವರಣೆಯಿದೆ: “ಬೀಟಾ ಕ್ಯಾಸೆಟ್ ಮೊದಲಿಗೆ ಒಂದೇ ಗಂಟೆ ಓಡ್ತಿತ್ತು. ವಿಎಚ್‌ಎಸ್ ಎರಡು ಗಂಟೆ. ಒಂದು ಗಂಟೇಲಿ ರಾಜ್‌ಕುಮಾರ್ ಸಿನಿಮಾದಲ್ಲಿ ಇಂಟರ್‌ವಲ್ಲೂ ಬರಲ್ಲ ಕಣೋ.” ಜಪಾನಿನ ಕಂಪನಿಗಳು ರಾಜ್‌ಕುಮಾರ್ ಸಿನಿಮಾ ನೋಡಿ ಟೇಪಿನ ಉದ್ದ ನಿಗದಿ ಮಾಡಿರಲಾರವು. ಆದರೂ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮಲ್ಲಿ ಸಿಗುತ್ತಿದ್ದ ಇ-180 ಕ್ಯಾಸೆಟ್ಟಿಗೆ ಮೂರು ಗಂಟೆ ಹಿಡಿಯುತ್ತಿತ್ತು, ಜಾಹೀರಾತು ಸೇರಿ ಭಾನುವಾರದ ಕನ್ನಡ ಸಿನಿಮಾಕ್ಕೆ ಅಳತೆ ತೆಗೆದು ಹೊಲಿಸಿದಂತಿತ್ತು.

ಆಮೇಲಿನದು ಸುಗ್ಗಿ. ಕ್ಯಾಸೆಟ್ಟಿನ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ, ನೀಲಿ ಇಂಕಿನಲ್ಲಿ ಗುಂಡಗೆ ಬರೆದ ಹೆಸರುಗಳನ್ನು ನಾನೇ ಓದಿದ್ದೇನೆ. ‘ಹರಟೆ, ಉದಯ: ಹಿರೇಮಗಳೂರು ಕಣ್ಣನ್, ಕೃಷ್ಣೇಗೌಡ, ಶಬ್ದ ಕಮ್ಮಿ.’ ‘ಮಾಯಾಮೃಗ 14, 15, (16 ಕರೆಂಟ್ ಇಲ್ಲ), 17.’ ‘ಚಿತ್ರಮಂಜರಿ, ಮಧ್ಯೆ ಮಳೆ.’ ಮಳೆ ಹಾಡಿನಲ್ಲಿ ಬಂತೋ ಆಂಟೆನಾ ಮೇಲೆ ಬಂತೋ ತಿಳಿಯದು. ಒಂದು ಕ್ಯಾಸೆಟ್ಟಿನ ಮೇಲೆ ಬರೀ ‘ನೋಡಬೇಕು’ ಎಂದಿತ್ತು. ಅದನ್ನು ಇನ್ನೂ ಯಾರೂ ನೋಡಿಲ್ಲ.

ಈಗ ಒಂದು ಮದುವೆ ಕ್ಯಾಸೆಟ್ಟಿನ ವಿಷಯಕ್ಕೆ ಬರೋಣ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಎಡತುದಿಯಲ್ಲಿ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಹಲ್ಲು ಇರುತ್ತಿತ್ತು. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ; ರೆಕಾರ್ಡ್ ಬಟನ್ ಒತ್ತಿದರೆ ಯಂತ್ರ ಕ್ಯಾಸೆಟ್ಟನ್ನೇ ಆಚೆ ಉಗಿಯುತ್ತದೆ. ಮದುವೆ ವಿಡಿಯೊದವರು ಆ ಹಲ್ಲನ್ನು ಮುರಿದೇ ಕೊಡುತ್ತಿದ್ದರು. ಎಷ್ಟು ಒಳ್ಳೆಯ ಏರ್ಪಾಡು! ಆದರೆ ಅದನ್ನು ಸೋಲಿಸಲು ಎರಡಿಂಚು ಸೆಲ್ಲೋಟೇಪ್ ಸಾಕಾಗಿತ್ತು. ತೂತಿನ ಮೇಲೆ ಅಂಟಿಸಿದರೆ ಯಂತ್ರ ಮೋಸ ಹೋಗುತ್ತಿತ್ತು.

1996ರ ಅಕ್ಟೋಬರ್ 21. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಟೈಟನ್ ಕಪ್ ಪಂದ್ಯ, ಆಸ್ಟ್ರೇಲಿಯಾ ಎದುರು. ಗೆಲ್ಲಲು 216 ಬೇಕು. ಮನೆಯಲ್ಲಿ ಖಾಲಿ ಕ್ಯಾಸೆಟ್ ಒಂದೂ ಇಲ್ಲ, ಅಂಗಡಿಗೆ ಓಡುವಷ್ಟು ಹೊತ್ತಿಲ್ಲ. ಕೈಗೆ ಸಿಕ್ಕದ್ದು ಚಿಕ್ಕಮ್ಮನ ತಂಗಿಯ ಮದುವೆ. ಸೆಲ್ಲೋಟೇಪ್ ಬಿತ್ತು. ಇಂಡಿಯಾದ ಬ್ಯಾಟಿಂಗ್ ಮೊದಲಿಂದ ಹಿಡಿದರು. ವಿಕೆಟ್ ಮೇಲೆ ವಿಕೆಟ್ ಬಿದ್ದರೂ ಸಚಿನ್ ನಿಂತಿದ್ದರು. 88 ಹೊಡೆದು, 164 ರನ್ನಿಗೆ ಎಂಟನೆಯವರಾಗಿ ಅವರೂ ಔಟಾದಾಗ ಚಿಕ್ಕಪ್ಪ “ಇನ್ನೇನಿದೆ, ಮಿಕ್ಕ ಟೇಪಾದ್ರೂ ಉಳೀಲಿ” ಎಂದು ನಿಲ್ಲಿಸಿ, ಟೀವಿಯನ್ನೂ ಆರಿಸಿ ಊಟಕ್ಕೆ ಕೂತರು.

ಆಮೇಲೆ ನಡೆದದ್ದು ಬೆಂಗಳೂರಿಗೆಲ್ಲ ಗೊತ್ತು. ಶ್ರೀನಾಥ್ ಮತ್ತು ಕುಂಬ್ಳೆ, ಇಬ್ಬರೂ ನಮ್ಮ ಹುಡುಗರು, ಒಂಬತ್ತನೇ ವಿಕೆಟ್ಟಿಗೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆದ್ದರು. ಸ್ಟ್ಯಾಂಡಿನಲ್ಲಿ ಕೂತಿದ್ದ ಇಬ್ಬರ ತಾಯಂದಿರನ್ನೂ ಟೀವಿಯವರು ತೋರಿಸಿದರು. ಅಮ್ಮಂದಿರ ಆ ಸಂಭ್ರಮದ ಮಾತು ಇವತ್ತಿಗೂ ಆ ಪಂದ್ಯದ ಜೊತೆಗೇ ಬರುತ್ತದೆ. ಚಿಕ್ಕಪ್ಪನಿಗೆ ಸುದ್ದಿ ತಿಳಿದದ್ದು ಬೀದಿಯಲ್ಲಿ ಪಟಾಕಿ ಹೊಡೆದಾಗ, ಕೈಯಲ್ಲಿ ಮಜ್ಜಿಗೆ ಅನ್ನ.

ಆ ಕ್ಯಾಸೆಟ್ಟನ್ನು ನಾನು ನೋಡಿದ್ದೇನೆ. ಸಚಿನ್ ಔಟಾಗಿ ತಲೆ ತಗ್ಗಿಸಿ ನಡೆಯುತ್ತಾರೆ. ಪರದೆಯಲ್ಲಿ ಒಂದು ಸಲ ಬಿಳಿ ಗೆರೆ ಓಡುತ್ತದೆ. ತಕ್ಷಣ ಹೆಣ್ಣೊಪ್ಪಿಸುವ ಶಾಸ್ತ್ರ. ಹುಡುಗಿ ಅಳುತ್ತಾಳೆ, ಅವಳಮ್ಮ ಅಳುತ್ತಾರೆ, ಸೋದರತ್ತೆಯರು ಸಾಲಾಗಿ ನಿಂತು ಬಿಕ್ಕುತ್ತಾರೆ, ಚಿಕ್ಕಪ್ಪನೂ ಮೂಲೆಯಲ್ಲಿ ನಿಂತು ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸಚಿನ್ ವಿಕೆಟ್ಟಿಗೆ ಇಷ್ಟೊಂದು ರೇಷ್ಮೆ ಸೀರೆಗಳು ಕಣ್ಣೀರಲ್ಲಿ ನೆಂದದ್ದು ಬೇರೆಲ್ಲೂ ದಾಖಲಾಗಿರಲಿಕ್ಕಿಲ್ಲ. ತಾಳಿ ಕಟ್ಟುವುದೂ ಇಲ್ಲ, ಪಂದ್ಯ ಗೆಲ್ಲುವುದೂ ಇಲ್ಲ. ಚಿಕ್ಕಮ್ಮನ ತಂಗಿ ಇವತ್ತಿಗೂ ಭಾವನ ಜೊತೆ ಕ್ರಿಕೆಟ್ ಬಗ್ಗೆ ಮಾತಾಡುವುದಿಲ್ಲ.

ಕೆಣಕಿದರೆ ಚಿಕ್ಕಪ್ಪನ ಬಳಿ ಉತ್ತರ ಸಿದ್ಧವಿದೆ. “1983ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಮೇಲೆ ಕಪಿಲ್ ದೇವ್ 175 ಹೊಡೆದ್ನಲ್ಲ, ಅದರ ಒಂದು ಬಾಲಿನ ವಿಡಿಯೊ ತೋರಿಸು ನೋಡೋಣ. ಅವತ್ತು ಅಲ್ಲಿ ಬಿಬಿಸಿ ಕ್ಯಾಮೆರಾನೇ ಇರಲಿಲ್ಲ. ಬಿಬಿಸಿಯೋರಿಗೇ ಪೂರ್ತಿ ತಪ್ಪಿಹೋಯ್ತು, ನಾನು ಮುಕ್ಕಾಲು ಪಾಲು ಹಿಡಿದಿದ್ದೀನಿ!” ಇದಕ್ಕೆ ಏನು ಹೇಳುತ್ತೀರಿ?

ಆ ಮುಕ್ಕಾಲು ಪಾಲಿಗೂ ಬೂಸಲು ಹಿಡಿಯಿತು ಅನ್ನಿ. ಬೆಂಗಳೂರಿನ ಮಳೆಗಾಲದಲ್ಲಿ ಅಟ್ಟದ ಮೇಲಿನ ಟೇಪುಗಳ ಅಂಚಿಗೆ ಬಿಳಿ ಪುಡಿ ಕೂರುತ್ತದೆ. ಅಂಥದ್ದೊಂದನ್ನು ಹಾಕಿದರೆ ಹೆಡ್ ಕಟ್ಟಿಕೊಂಡು ಮುಂದಿನ ಹತ್ತು ಕ್ಯಾಸೆಟ್ಟುಗಳೂ ಬರೀ ಮಂಜು. ತಲೆ ಒರೆಸೋಣವೆಂದರೆ ಈಗ ಯಂತ್ರವೂ ಮುದಿಯಾಗಿದೆ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಬಾಗಿಲು ಹಾಕಿಕೊಂಡಿತು. ಕಂಪನಿಯಲ್ಲ, ಆ ವಿಭಾಗ. ಚಿಕ್ಕಪ್ಪ ಪೇಪರಿನ ಆ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಅದಕ್ಕೂ ಮುಂಚೆಯೇ ವಿಸಿಆರಿನ ಅರ್ಧ ಪ್ರಾಣ ಹೋಗಿತ್ತು. 2013ರ ಮಾರ್ಚ್ 31ರ ಗಡುವಿನಲ್ಲಿ ಬೆಂಗಳೂರಿನ ಕೇಬಲ್ಲು ಡಿಜಿಟಲ್ ಆಯಿತಲ್ಲ, ಆಗ ಟೀವಿಗೊಂದು ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಅಲ್ಲಿಯವರೆಗೆ ವಿಸಿಆರು ತಾನೇ ಚಾನೆಲ್ ಹುಡುಕಿ, ಟೈಮರ್ ಹೇಳಿದ ಹೊತ್ತಿಗೆ ಎದ್ದು, ಕೆಲಸ ಮುಗಿಸಿ ಮಲಗುತ್ತಿತ್ತು. ಆಮೇಲೆ ಬಾಕ್ಸು ಯಾವ ಚಾನೆಲ್ಲಿನಲ್ಲಿ ನಿಂತಿದೆಯೋ ಅದನ್ನೇ ನುಂಗಬೇಕು. ಟೈಮರ್ ಹಾಕಿ ಮದುವೆಗೆ ಹೋಗಿ ಬಂದರೆ ಭಾಷಣದ ಬದಲು ಪೂರ್ತಿ ಒಂದು ಗಂಟೆ ಮಸಾಜ್ ಬೆಲ್ಟಿನ ಜಾಹೀರಾತು ರೆಕಾರ್ಡ್ ಆಗಿರುತ್ತಿತ್ತು.

ನಡುವೆ ಹಾರ್ಡ್ ಡಿಸ್ಕ್ ಯುಗವೂ ಬಂದುಹೋಯಿತು. ಅಮೆರಿಕದಲ್ಲಿ 1999ರಲ್ಲಿ ಟಿವೊ ಬಂದಿತ್ತು. ನಮ್ಮಲ್ಲಿ 2008ರ ಹೊತ್ತಿಗೆ ಡಿಟಿಎಚ್‌ನವರು ಅಂಥ ಡಬ್ಬ ತಂದರು. ಚಿಕ್ಕಪ್ಪನೂ ಒಂದು ತಂದರು. ಯಾರದು ಅಂತ ಕೇಳಬೇಡಿ. ನಡೆಯುತ್ತಿರುವ ಕಾರ್ಯಕ್ರಮವನ್ನೇ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ನೋಡಬಹುದಿತ್ತು. ಅದರ ಸುಖ ಪೂರ್ತಿ ಉಂಡವರು ಚಿಕ್ಕಮ್ಮ. ಕುಕ್ಕರ್ ಕೂಗಿದರೆ ಧಾರಾವಾಹಿಯ ಅತ್ತೆ ಬಾಯಿ ತೆರೆದುಕೊಂಡೇ ನಿಲ್ಲಬೇಕು. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಬೈಗುಳ ಮುಂದುವರಿಯುತ್ತಿತ್ತು. ಚಿಕ್ಕಪ್ಪನೋ, ಡಿಸ್ಕು ತುಂಬುವವರೆಗೆ ತುಂಬಿದರು. ಒಂದು ದಿನ ಡಬ್ಬ ಕೆಟ್ಟಿತು. ಬಂದ ಹುಡುಗ ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡು ಹೊಸದನ್ನು ಇಟ್ಟು ಹೊರಟ. “ನನ್ನ ರೆಕಾರ್ಡಿಂಗು?” ಎಂದದ್ದಕ್ಕೆ, “ಅದು ಡಬ್ಬದ ಜೊತೇಲೆ ಸರ್” ಎಂದನಂತೆ. ಅವತ್ತು ರಾತ್ರಿ ಚಿಕ್ಕಪ್ಪ ಊಟ ಮಾಡಲಿಲ್ಲ.

ಇಷ್ಟೆಲ್ಲ ಆದ ಮೇಲೂ ಮತ್ತೆ ಡಬ್ಬವೇ ಎಂದು ನೀವು ಕೇಳಬಹುದು. ಮಹಡಿಯ ಪೀಜಿ ಹುಡುಗನೂ ಅದನ್ನೇ ಕೇಳಿದ. ಕ್ರೈಸ್ಟ್‌ನಲ್ಲಿ ಓದುವ ಹುಡುಗ, ವೈಫೈ ಪಾಸ್‌ವರ್ಡ್ ಕೇಳಲು ಬಂದವನು ಚರ್ಚೆಯಲ್ಲಿ ಸಿಕ್ಕಿಬಿದ್ದ. “ಅಂಕಲ್, ಎಲ್ಲಾ ಯೂಟ್ಯೂಬಲ್ಲೇ ಇರತ್ತೆ. ರೆಕಾರ್ಡ್ ಯಾಕೆ?”

“ಅವರು ತೆಗೆದುಹಾಕಿದ್ರೆ?”

“ಯಾಕೆ ತೆಗೀತಾರೆ ಅಂಕಲ್?”

“ಹಾಕೋದು ಯಾಕೆ ಅಂತ ನಾನು ಕೇಳಿದ್ನಾ?”

ಹುಡುಗ ಸೋಲಲಿಲ್ಲ. ಹೀಗೆ ರೆಕಾರ್ಡ್ ಮಾಡುವುದು ಪೈರಸಿ ಅಲ್ವಾ ಎಂದು ಕಾನೂನು ತೆಗೆದ. ಇದಕ್ಕೆ ನಾನು ಬಾಯಿ ಹಾಕಬೇಕಾಯಿತು. ಯೂನಿವರ್ಸಲ್ ಮತ್ತು ಡಿಸ್ನಿಯವರು ಸೋನಿಯ ಮೇಲೆ ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1984ರ ಜನವರಿಯಲ್ಲಿ ತೀರ್ಪು ಬಂತು. ಮನೆಯಲ್ಲಿ ಕೂತು ಆಮೇಲೆ ನೋಡಲೆಂದು ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ ಎಂದು ಐವರು ನ್ಯಾಯಮೂರ್ತಿಗಳು, ತಪ್ಪು ಎಂದು ನಾಲ್ವರು. ಒಬ್ಬೇ ಒಬ್ಬರ ಮಾತಿನಲ್ಲಿ ವಿಸಿಆರ್ ಉಳಿಯಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮೂ ಸ್ವಂತ ಬಳಕೆಗೆ ನ್ಯಾಯವಾದ ಮಟ್ಟಿಗೆ ಅವಕಾಶ ಕೊಡುತ್ತದೆ. ನಕಲು ತೆಗೆದು ಮಾರಿದರೆ, ಹಂಚಿದರೆ ಅದು ಬೇರೆ ಕಥೆ. ಚಿಕ್ಕಪ್ಪ ಮಾರುವುದಿರಲಿ, ಮನೆಯವರನ್ನು ಬಿಟ್ಟು ಯಾರಿಗೂ ತೋರಿಸಿಯೂ ಇಲ್ಲ.

“ಇಂಥ ಹುಚ್ಚು ಇನ್ಯಾರಿಗಾದ್ರೂ ಇದ್ಯೇನಪ್ಪ ಲೋಕದಲ್ಲಿ?” ಎಂದರು ಚಿಕ್ಕಮ್ಮ, ಕಾಫಿ ಲೋಟ ಇಡುತ್ತಾ. ಇತ್ತು ಚಿಕ್ಕಮ್ಮ, ಎಂದೆ. ಅಮೆರಿಕದ ಫಿಲಡೆಲ್ಫಿಯಾದ ಮ್ಯಾರಿಯನ್ ಸ್ಟೋಕ್ಸ್ ಎಂಬ ಹೆಂಗಸು, ಲೈಬ್ರರಿಯನ್ ಆಗಿದ್ದವರು, 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಟೀವಿ ಸುದ್ದಿಯನ್ನು ಹಗಲು ರಾತ್ರಿ ರೆಕಾರ್ಡ್ ಮಾಡಿದರು. ಬಿಟ್ಟುಹೋದದ್ದು ಸುಮಾರು 70 ಸಾವಿರ ಟೇಪು. ಚಾನೆಲ್ಲುಗಳೇ ಉಳಿಸಿಕೊಳ್ಳದ ಎಷ್ಟೋ ಸುದ್ದಿ ಅದರಲ್ಲಿದೆಯೆಂದು ಈಗ ಇಂಟರ್ನೆಟ್ ಆರ್ಕೈವ್‌ನವರು ಕಾಪಾಡುತ್ತಿದ್ದಾರೆ. ಚಿಕ್ಕಪ್ಪನ ಎದೆ ಎರಡಿಂಚು ಉಬ್ಬಿತು. ಚಿಕ್ಕಮ್ಮ ಒಂದೇ ಪ್ರಶ್ನೆ ಕೇಳಿದರು: “ಅಷ್ಟು ಟೇಪ್ ಎಲ್ಲಿ ಇಡ್ತಿದ್ಲು?” ಅದಕ್ಕೇ ಅಂತ ಬೇರೆ ಫ್ಲ್ಯಾಟುಗಳಿದ್ದವು ಎಂದೆ. “ಕೇಳಿಸ್ತೇನ್ರೀ? ಫ್ಲ್ಯಾಟುಗಳು! ಇಲ್ಲಿ ಒಂದು ರೂಮಿಗೆ ಹುಡುಗರು ಎಷ್ಟು ಕೊಡ್ತಾರೆ ಗೊತ್ತಲ್ಲ?” ಸುದ್ದಗುಂಟೆಪಾಳ್ಯದಲ್ಲಿ ಯಾವ ಮಾತು ಶುರುವಾದರೂ ಬಾಡಿಗೆಗೇ ಬಂದು ಮುಗಿಯುತ್ತದೆ.

ಸರಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳೋಣ. ನಿಮಗೂ ಬೇಕಾದೀತು.

ಸ್ಮಾರ್ಟ್ ಟೀವಿಯ ಹಿಂದೆ ಪೆನ್‌ಡ್ರೈವ್ ಚುಚ್ಚುವ ತೂತಿದೆಯಲ್ಲ, ಅದನ್ನು ನೋಡಿ ಆಸೆ ಪಡಬೇಡಿ. ರೆಕಾರ್ಡ್ ಸೌಲಭ್ಯವಿರುವ ಟೀವಿಗಳೂ ತಮ್ಮೊಳಗಿನ ಟ್ಯೂನರಿನಿಂದ ಬಂದದ್ದನ್ನಷ್ಟೇ ಹಿಡಿಯುತ್ತವೆ. ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ವೈರಿನಲ್ಲಿ ಬಂದದ್ದನ್ನು ಮುಟ್ಟುವುದಿಲ್ಲ. ಆ ವೈರಿನಲ್ಲಿ ಬರುವುದಕ್ಕೆ ಬೀಗವೂ ಇರುತ್ತದೆ. ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸುಗಳಲ್ಲಿ ರೆಕಾರ್ಡ್ ಇದ್ದರೆ ಅದು ಆ ಬಾಕ್ಸಿಗೇ ಗಂಟುಬಿದ್ದಿರುತ್ತದೆ, ಕಂಪ್ಯೂಟರಿಗೆ ಹಾಕಿದರೆ ತೆರೆಯುವುದಿಲ್ಲ. ಹಳೇ ಬಾಕ್ಸಿನ ಕೆಂಪು, ಹಳದಿ, ಬಿಳಿ ವೈರಿನಿಂದ ಲ್ಯಾಪ್‌ಟಾಪಿಗೆ ಎಳೆದುಕೊಳ್ಳುವ ಬೆರಳುದ್ದದ ಸಲಕರಣೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಅದು ಸುಲಭ, ಆದರೆ ಚಿತ್ರ ಸ್ವಲ್ಪ ಮಸುಕು.

ಚಂದನಕ್ಕಾದರೆ ಇಷ್ಟು ಕಷ್ಟವೇ ಬೇಡ. ಡಿಡಿ ಫ್ರೀ ಡಿಶ್ ಸಾಕು. 2004ರಿಂದ ಇದೆ, ತಿಂಗಳ ಬಾಡಿಗೆ ಇಲ್ಲ. ಪೆನ್‌ಡ್ರೈವ್ ರೆಕಾರ್ಡಿಂಗ್ ಇರುವ ಬಾಕ್ಸನ್ನೇ ಕೇಳಿ ತಗೊಳ್ಳಿ, ಅಂಗಡಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿಸಿ, ಆ ಫೈಲು ಕಂಪ್ಯೂಟರಿನಲ್ಲಿ ಓಡುತ್ತದೆಯೇ ನೋಡಿ. 32 ಜಿಬಿ ಪೆನ್‌ಡ್ರೈವಿನಲ್ಲಿ ಮಾಮೂಲಿ ಚಾನೆಲ್ಲು ಇಪ್ಪತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ. ಫೈಲು ನಾಲ್ಕು ಜಿಬಿಗೆ ತುಂಡಾಗುತ್ತಾ ಹೋದರೆ ಗಾಬರಿ ಬೇಡ, ಅದು ಪೆನ್‌ಡ್ರೈವಿನ ಫಾರ್ಮ್ಯಾಟಿನ ಕಟ್ಟುಪಾಡು. ಡಿಶ್ಶು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಬೇಕು. ಬೆಂಗಳೂರಿನಿಂದ ಅದು ಆಗ್ನೇಯ. ಅಡುಗೆಮನೆ ಇರುವ ಮೂಲೆಯ ಕಡೆಗೆ ಎಂದು ಲೆಕ್ಕ ಹಾಕಿಕೊಳ್ಳಿ. ನಮ್ಮ ಪಾಳ್ಯದ ತೊಂದರೆ ಏನೆಂದರೆ ಆಗ್ನೇಯದಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಪಕ್ಕದವರ ಐದನೇ ಮಹಡಿ ಎದ್ದಿರುತ್ತದೆ. ಚಿಕ್ಕಪ್ಪನ ಡಿಶ್ಶು ಈಗ ನೀರಿನ ಟ್ಯಾಂಕಿನ ನೆತ್ತಿಯ ಮೇಲಿದೆ.

ಇನ್ನೊಂದು ಮುಖ್ಯ ಮಾತು. ಈ ಬಾಕ್ಸುಗಳಿಗೆ ಟ್ಯೂನರು ಒಂದೇ. ರೆಕಾರ್ಡ್ ನಡೆಯುವಾಗ ಬೇರೆ ಚಾನೆಲ್ಲಿಗೆ ಹೋಗುವಂತಿಲ್ಲ. ಮೊಮ್ಮಗನ ಕ್ವಿಜ್ ಬರುವ ಹೊತ್ತಿಗೇ ಚಿಕ್ಕಮ್ಮನ ಧಾರಾವಾಹಿಯೂ ಇದೆ. ಹಾಗಾಗಿ ನಾನು ಹೇಳಿದ್ದು ಎರಡನೇ ಟೀವಿ. ಚಿಕ್ಕಪ್ಪ ಒಪ್ಪಿದರು. ಚಿಕ್ಕಮ್ಮ ಇನ್ನೂ ಬೇಗ ಒಪ್ಪಿದರು, ಧಾರಾವಾಹಿಗೆ ದೊಡ್ಡ ಟೀವಿ ಎಂಬ ಷರತ್ತಿನ ಮೇಲೆ. ಬಾಕ್ಸಿನ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಹಾಕಿದ್ದಾಯಿತು. ಐದು ನಿಮಿಷ ಮುಂಚೆ ಶುರು, ಹತ್ತು ನಿಮಿಷ ತಡವಾಗಿ ಬಂದ್ ಎಂದು ಕಾಗದದಲ್ಲಿ ಬರೆದು ರಿಮೋಟಿಗೆ ಅಂಟಿಸಿದ್ದಾಯಿತು. ಅಂಟಿಸಲು ಸೆಲ್ಲೋಟೇಪ್ ಕೇಳಿದಾಗ ಚಿಕ್ಕಮ್ಮ ಕೊಡಲಿಲ್ಲ, ಗೋಂದು ಕೊಟ್ಟರು.

ಕೊನೆಗೊಂದು ಕೋರಿಕೆ, ಚಿಕ್ಕಪ್ಪನ ಪರವಾಗಿ. ನಿಮ್ಮಲ್ಲಿ ಯಾರಾದರೂ 1996ರ ಅಕ್ಟೋಬರ್ 21ರಂದು ಸಚಿನ್ ಔಟಾದ ಮೇಲೂ ವಿಸಿಆರ್ ಆರಿಸದೆ ಇದ್ದಿದ್ದರೆ ದಯವಿಟ್ಟು ತಿಳಿಸಿ. ಯೂಟ್ಯೂಬಿನ ತುಣುಕು ಬೇಡವಂತೆ. ಜಾಹೀರಾತು ಸಮೇತ, ಅಮ್ಮಂದಿರು ಕಾಣುವ ಭಾಗ ಇರಲೇಬೇಕಂತೆ. ಬೂಸಲು ಹಿಡಿದಿದ್ದರೂ ಪರವಾಗಿಲ್ಲ. ಅದೇ ಕ್ಯಾಸೆಟ್ಟಿನಲ್ಲಿ ಯಾರದಾದರೂ ಮದುವೆ ಉಳಿದಿದ್ದರೆ ಮಾತ್ರ ಮೊದಲೇ ಹೇಳಿಬಿಡಿ, ಚಿಕ್ಕಮ್ಮ ಕೇಳಿದ್ದಾರೆ.